ಖಾಲಿ ಬಿಟ್ಟಿದ್ದ ತಾರೀಖು

ನಿವೃತ್ತಿಗೆ ಒಂದು ವರ್ಷ ಬಾಕಿಯಿದ್ದಾಗ ನಾನು ಉದಗೀರದಲ್ಲಿ ಮಾಜಿ ಸೈನಿಕರ ಕುಟುಂಬಗಳ ಕಡತ ನೋಡುವ ಮೇಲ್ವಿಚಾರಕನಾಗಿದ್ದೆ. ಎಪ್ಪತ್ತೊಂದರ ಯುದ್ಧದಲ್ಲಿ ಸೆರೆಸಿಕ್ಕ ಅಧಿಕಾರಿಗಳ ಸಂಬಳದ ಲೆಕ್ಕವನ್ನು ಸರ್ಕಾರ ಮರುಪರಿಶೀಲಿಸುತ್ತಿತ್ತು. ಸೆರೆಯಲ್ಲೇ ತೀರಿಕೊಂಡವರಿಗೆ ಮರಣದ ದಿನದವರೆಗೆ ಸಂಬಳ. ಹಾಗಾಗಿ ಫಾರ್ಮಿನಲ್ಲಿ ಆ ತಾರೀಖು ಬೇಕೇ ಬೇಕು.

ಉಮರ್ಗಾದ ನೀಲಮ್ಮನವರ ಫಾರ್ಮು ತಾರೀಖಿಲ್ಲದೆ ಎರಡು ಸಲ ವಾಪಸ್ ಬಂತು. ಅವರ ಗಂಡ ಕ್ಯಾಪ್ಟನ್. ಸೆರೆಸಿಕ್ಕವರು ಮರಳಲಿಲ್ಲ. ಎಂಬತ್ತರ ಹತ್ತಿರದ ನೀಲಮ್ಮ ಇನ್ನೂ ಹಣೆತುಂಬ ಕುಂಕುಮ ಇಡುತ್ತಿದ್ದರು, ತಾಳಿ ತೆಗೆದಿರಲಿಲ್ಲ. ಕೇಳಿದರೆ "ಬರ್ತಾರ್ರೀ" ಎನ್ನುವುದೊಂದೇ ಉತ್ತರ.

ನನಗೋ ಕಡತ ಮುಗಿಸುವ ಹಟ. ನಿಲಂಗಾದಲ್ಲಿ ಹೊಲ ಮಾಡಿಕೊಂಡಿದ್ದ ಅವರ ಮೈದುನ ಶಿವಲಿಂಗಪ್ಪನವರಿಗೆ ಫೋನ್ ಮಾಡಿದೆ.

 ಅವರು, "ಸೆರಿಯಿಂದ ಬಿಟ್ಟು ಬಂದ ಜವಾನ ಒಬ್ಬಾಂವ ಆಗೇ ಬಂದು ಹೇಳ್ಯಾನ್ರೀ. ಅಣ್ಣ ಅಲ್ಲೇ ತೀರಿಕೊಂಡಾರ, ಯುದ್ಧದ ಮರುವರ್ಷ ಶಿವರಾತ್ರಿ ಮರುದಿನ. ಫಾರಮ್ ನೀವೇ ತುಂಬ್ರಿ, ವೈನಿ ಕಡಿಂದ ಬರೇ ಸಹಿ ಮಾಡಸ್ಕೋರಿ," ಎಂದರು.

ನೀಲಮ್ಮನವರಿಗೂ ಗೊತ್ತಿದೆ, ಒಪ್ಪಿಕೊಳ್ಳುತ್ತಿಲ್ಲ ಅಷ್ಟೇ ಎಂದುಕೊಂಡೆ. ಓದಿ ಹೇಳದೆ ನಾನು ಯಾರ ಸಹಿಯನ್ನೂ ಪಡೆದವನಲ್ಲ. ಅದರ ಬಗ್ಗೆ ಕೊಂಚ ಜಂಬವೂ ಇತ್ತು. ಉಮರ್ಗಾಕ್ಕೆ ಹೋಗಿ ಅವರ ಪಡಸಾಲೆಯಲ್ಲಿ ಕೂತು ಫಾರ್ಮಿನ ಒಂದೊಂದೇ ಸಾಲು ಓದಿದೆ. ಮರಣದ ತಾರೀಖು ಬಂದಾಗ, "ಅಂದರೆ ಯುದ್ಧದ ಮರುವರ್ಷದ ಶಿವರಾತ್ರಿಯ ಮರುದಿನ" ಎಂದು ಬಿಡಿಸಿಯೂ ಹೇಳಿದೆ.

"ಯಾರ್ ಹೇಳಿದ್ರೀ ನಿಮಗ?" ಎಂದರು ನೀಲಮ್ಮ.

ಮೈದುನನ ಹೆಸರು ಹೇಳಿದೆ. 

"ವರ್ಷಾ ವರ್ಷಾ ಆ ದಿನ ಮೈದುನನ ಮನಿಯಿಂದ ನನಗ ಹೋಳಿಗಿ ಬರ್ತಾವ್ರೀ ಸಾಹೇಬ್ರ. ಹಬ್ಬದ್ದು ಅಂದಕೊಂಡಿದ್ದೆ. ಇವರ ತಿಥಿ ಮಾಡಿ, ಹೆಸರಿಲೆ ಎಡಿ ಹಿಡದು ಕಳಸ್ಯಾರ. ನಾ ತಿಂದೀನ್ರೀ. ಇವರು ಬಂದ್ರ ಇರಲಿ ಅಂತ ಒಂದು ತಗದೂ ಇಟ್ಟೀನಿ."

 ಫಾರ್ಮು ಮಡಚಿ ಚೀಲಕ್ಕೆ ಹಾಕಲು ಹೋದೆ. ಅವರೇ ಕೈಚಾಚಿ ತೆಗೆದುಕೊಂಡು ಸಹಿ ಮಾಡಿದರು.

"ನನಗ ಗೊತ್ತಾಗ್ಯಾದ ಅಂತ ಮೈದುನಗ ಹೇಳಬ್ಯಾಡ್ರೀ. ಇಷ್ಟು ವರ್ಷ ಈ ಸುದ್ದಿ ಅಂವಾ ಒಬ್ಬನೇ ಹೊತ್ತಾನ."

ಸಂಬಳ ಮಂಜೂರಾಯಿತು. ಮೇಲಧಿಕಾರಿಗಳು ಬೆನ್ನು ತಟ್ಟಿದರು. ಖಾಲಿ ಬಿಟ್ಟ ಜಾಗವನ್ನು ತುಂಬುವ ಮೊದಲು ಅದು ಯಾಕೆ ಖಾಲಿಯಿದೆ ಎಂದು ಕೇಳಬೇಕು. ನೌಕರಿ ನನಗೆ ಕಲಿಸಿದ್ದು ಇಷ್ಟು, ಅದೂ ತಡವಾಗಿ. ನಾನು ಕೇಳಲಿಲ್ಲ. ಐವತ್ತು ವರ್ಷ ಕಾದ ಹೆಂಗಸನ್ನು ಒಂದು ಸಾಲು ಓದಿ ವಿಧವೆ ಮಾಡಿ ಬಂದೆ.