ಮಾವನ ಬೋಟಿನ ಮೂತಿ

ನಾನು ದಪ್ಪ. ನೆಂಟರ ಸ್ಕೂಟರಿನಲ್ಲಿ ನನಗೆ ಯಾವತ್ತೂ ಹಿಂದಿನ ಸೀಟು ಸಿಕ್ಕಿದ್ದಿಲ್ಲ. "ಟೈರ್ ಹೋಗ್ತದೆ ಕಣಪ್ಪ, ಬಸ್ಸಲ್ಲಿ ಬಾ" ಅನ್ನುತ್ತಿದ್ದರು. ಅಂಥ ನನಗೆ ಜಂಗಮಕೋಟೆ ಕಡೆಯ ಸೋದರಮಾವ ಒಂದು ಭಾನುವಾರ ಫೋನ್ ಮಾಡಿದರು. "ಬೇಗ ಬಾರೋ, ನೀನಿಲ್ದೆ ಬೋಟ್ ಓಡಲ್ಲ."

ಬೋಟಂತೆ! ಬತ್ತಿಹೋಗಿದ್ದಾಗ ನಾವು ಕ್ರಿಕೆಟ್ ಆಡಿದ ಕೆರೆಗೆ ಈಗ ಬೆಂಗಳೂರಿನಿಂದ ಪೈಪಿನಲ್ಲಿ ಶುದ್ಧೀಕರಿಸಿದ ನೀರು ಬಂದಿತ್ತು. ನೀರು ಕಂಡಿದ್ದೇ ತಡ, ಮಾವ ಎಲ್ಲಿಂದಲೋ ಹಳೇ ಸ್ಪೀಡ್ ಬೋಟ್ ತಂದುಬಿಟ್ಟಿದ್ದರು. ಮೀನಿಗಲ್ಲ, ಏನಕ್ಕೂ ಅಲ್ಲ. ಎಂಜಿನ್ ಹಿಂದೆ, ಪೆಟ್ರೋಲ್ ಕ್ಯಾನು ಹಿಂದೆ, ಮಾವನೂ ಹಿಂದೆ. ಸ್ಪೀಡ್ ಕೊಟ್ಟರೆ ಮೂತಿ ಆಕಾಶ ನೋಡುತ್ತಿತ್ತು, ಮಾವನಿಗೆ ಎದುರಿನ ಕೆರೆಯೇ ಕಾಣುತ್ತಿರಲಿಲ್ಲ.

ಲೋಡ್ ಎಳೆಯುವಾಗ ಟ್ರ್ಯಾಕ್ಟರಿನ ಮೂತಿ ಎದ್ದರೆ ಬಾನೆಟ್ ಮೇಲೆ ಜನರನ್ನು ಕೂರಿಸುವುದು ಮಾವನಿಗೆ ಗೊತ್ತಿದ್ದ ಒಂದೇ ವಿಜ್ಞಾನ. ಮೊದಲು ಹಾಲಿನ ಕ್ಯಾನಿಗೆ ನೀರು ತುಂಬಿ ಮುಂದಿಟ್ಟರಂತೆ. ತಿರುವಿನಲ್ಲಿ ಕ್ಯಾನು ಉರುಳಿ, ಬೋಟು ವಾಲಿ, ಮಾವ ಕೆರೆಗೆ ಬಿದ್ದರಂತೆ. "ಕ್ಯಾನ್ ಉರುಳ್ತದೆ, ನೀನು ಉರುಳಲ್ಲ" ಅಂದರು ನನಗೆ.

ಮೂತಿಯ ಹತ್ತಿರ ಗುಡಿ ಮುಂದಿನ ಬಸವನ ಹಾಗೆ ಕೂತೆ. ಬೋಟು ತೆಪ್ಪಗೆ ಮಟ್ಟವಾಗಿ ಹಾರಿತು! ಜೀವಮಾನದಲ್ಲಿ ಮೊದಲ ಸಲ ಒಂದು ವಾಹನಕ್ಕೆ ನಾನು ಬೇಕಾಗಿದ್ದೆ. ಅವತ್ತಿನಿಂದ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ಆಮೇಲೊಂದು ದಿನ ಎಂಜಿನ್ ಹೊಗೆ ಉಗುಳಿತೆಂದು ಶಿಡ್ಲಘಟ್ಟದಿಂದ ಪಂಪ್‌ಸೆಟ್ ಮೆಕ್ಯಾನಿಕ್ ಬಂದ. "ದೇವುಡಾ! ಏನಣ್ಣಾ ಇದು? ನೀರಲ್ಲಿ ಫ್ಯಾನ್ ತಿರುಗ್ಸೋ ಎಂಜಿನ್ ಕಾಲು ಹಿಂದಕ್ಕೆ ಚಾಚ್ಕೊಂಡದೆ. ತಳ್ಳೋ ಬಲವೆಲ್ಲಾ ಬೋಟಿನ ಹಿಂಭಾಗನ ನೀರಿಗೆ ಅದುಮ್ತದೆ. ಮೂತಿ ಏಳ್ದೆ ಇನ್ನೇನು ಮಾಡ್ತದೆ?" ಒಂದು ಪಿನ್ನು ಕಿತ್ತು ಒಳಗಿನ ತೂತಿಗೆ ಹಾಕಿ ಆ ಕಾಲನ್ನು ಬೋಟಿನ ಕಡೆಗೆ ಸರಿಸಿದ, ಅಷ್ಟೇ. ಮಾವ ಒಬ್ಬರೇ ಹೋದರು. ಬೋಟು ಹಲಗೆಯಷ್ಟು ಮಟ್ಟವಾಗಿ ಓಡಿತು.

ಕೆರೆ ಏರಿ ಮೇಲೆ ನಿಂತು ಚಪ್ಪಾಳೆ ಹೊಡೆದೆ. ಒಳಗೆ ಅಳುವೇ ಬಂದಿತ್ತು. ಆ ಪಿನ್ನಿನ ಮನೆ ಹಾಳಾಗ! ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟಾಪಿನ ಕಡೆ ಹೊರಟೆ.

ಮಾವ ದಡಕ್ಕೆ ಬಂದು ಕೂಗಿದರು. "ಎಲ್ಲಿಗೋ ಹೋಗ್ತೀಯ? ಮೂತಿ ಇನ್ನೂ ಏಳ್ತದೆ. ಬಾ, ಕೂತ್ಕೋ."

ಮೆಕ್ಯಾನಿಕ್ ಏನೋ ಹೇಳಲು ಬಾಯಿ ತೆರೆದ. ಮಾವ ಗುರಾಯಿಸಿದರು, ಮುಚ್ಚಿಕೊಂಡ. ಮೂತಿ ಏಳದೇ ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ಹೋಗಿ ಕೂತೆ.

ಮಾವ ಸ್ಪೀಡ್ ಕೊಟ್ಟರು. ನನ್ನ ಭಾರಕ್ಕೆ ಮೂತಿ ಸೀದಾ ನೀರೊಳಕ್ಕೆ ನುಗ್ಗಿತು, ಬೋಟು ಗಕ್ಕನೆ ನಿಂತಿತು, ನಾವಿಬ್ಬರೂ ಕೆರೆಗೆ ಬಿದ್ದೆವು. ಪುಣ್ಯಕ್ಕೆ ಅಲ್ಲಿ ಸೊಂಟದುದ್ದ ನೀರು.

ಮಾವ ಎದ್ದು ನಿಂತು, ಮುಖ ಒರೆಸಿಕೊಂಡು, ನನ್ನ ಕೈ ಹಿಡಿದು ಎತ್ತಿದರು.

"ಆ ಪಿನ್ನು ಹಳೇ ತೂತಿಗೇ ಹಾಕ್ಬಿಡಣ ಕಣೋ" ಅಂದರು.