ಪ್ರೊಫಿರಾ ಮುಚ್ಚಿದ ಬಾಗಿಲು

ಕೊದ್ರು ಬೆಟ್ಟದ ಬುಡದ ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ಮೊದಲು ಇಳಿಯಬೇಕಾದ್ದು ನೆಲಮಾಳಿಗೆಗೆ. ಅಲ್ಲಿ ಪೀಪಾಯಿಯ ಪಕ್ಕದಲ್ಲೇ ನಿಂತು ಒಂದು ಲೋಟ ವೈನು ಕುಡಿಯದೆ ಹೋದವನು ನೆಂಟನೇ ಅಲ್ಲ. ಕೊಡುವುದರಲ್ಲಿ ಪ್ರೊಫಿರಾಳದು ಎತ್ತಿದ ಕೈ. ಬೇಸಿಗೆಯಿಡೀ ಅವಳ ನೆಲಮಾಳಿಗೆಯ ಬಾಗಿಲು ಹಾರುಹೊಡೆದಿರುತ್ತಿತ್ತು. ಟಪಾಲಿನವನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರೂ ಇಳಿದು ತಂಪಾಗಿ ಮೇಲೆ ಬರುತ್ತಿದ್ದರು. ಊರು ಅವಳನ್ನು ಹೊಗಳುತ್ತಿತ್ತು. ಆ ಹೊಗಳಿಕೆ ಅವಳಿಗೆ ಊಟಕ್ಕಿಂತ ರುಚಿ.

ಮೂಲೆಯ ಒಂದು ಪೀಪಾಯಿಯನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಗಂಡ ತುದೋಸೆ ಸಾಯುವ ಮುಂಚೆ, ಮೊಮ್ಮಗಳು ಸಾಂದಾಳ ಮದುವೆಗೆಂದು ಕೈಯಾರೆ ತುಂಬಿಟ್ಟದ್ದು ಅದು. ಸೆಪ್ಟೆಂಬರಿಗೆ ಮದುವೆ ಗೊತ್ತಾಯಿತು. ಶುಭ ಹೇಳಲು ಬರುವವರ ಸಾಲು ಹತ್ತಿತು, ಬಾಗಿಲನ್ನು ಒಂದು ಗಳಿಗೆಯೂ ಮುಚ್ಚದಂತಾಯಿತು. ಅದೇ ಬೇಸಿಗೆಯಲ್ಲಿ ನೆಲಮಾಳಿಗೆಯ ಗೋಡೆಗಳು ನೀರಾಡತೊಡಗಿದವು, ಆ ಪೀಪಾಯಿಯ ಹಲಗೆಗೆ ಬೂಷ್ಟು ಹಿಡಿಯಿತು. ಬೂಷ್ಟು ಒಳಗಿಳಿದರೆ ಗಂಡನ ಕೊನೆಯ ವೈನು ಚರಂಡಿಯ ಪಾಲು.

ಬೆಟ್ಟದ ಒರತೆ ಒಳಗೆ ನುಗ್ಗಿದೆ ಎಂದು ಪಕ್ಕದ ಮನೆಯ ಪಾಂತೆಲೆ ಹೇಳಿದ. ಪ್ರೊಫಿರಾ ಕೈಕಟ್ಟಿ ಕೂರುವ ಹೆಂಗಸಲ್ಲ, ಗಂಡನ ಹಳೆಯ ಬೂಟನ್ನೇ ಮೆಟ್ಟಿಕೊಂಡು ಮನೆಯ ಹಿಂದೆ ಕಾಲುವೆ ತೋಡಿದಳು. ಗೋಡೆಗೆ ಸಿಮೆಂಟು ಮೆತ್ತಿದಳು. ಅದು ಹಪ್ಪಳದಂತೆ ಎದ್ದು ಬಿತ್ತು. ಮಳೆ ನಿಂತು ಬಾವಿಯ ನೀರು ತಳ ಮುಟ್ಟಿದರೂ ಗೋಡೆಯ ನೀರು ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ತಣ್ಣನೆಯ ವೈನಿನ ಹೂಜಿಯನ್ನು ಮೇಲೆ ತಂದು ಆಕ್ರೋಟಿನ ಮರದಡಿ ಇಟ್ಟಳು. ನೋಡನೋಡುತ್ತಿದ್ದಂತೆ ಹೂಜಿಯ ಮೈ ಬೆವರಿತು. ಅವಳು ಹೂಜಿಯನ್ನು ನೋಡಿದಳು, ತೆರೆದ ಬಾಗಿಲನ್ನು ನೋಡಿದಳು. ನೀರು ಬೆಟ್ಟದಿಂದ ಬಂದದ್ದಲ್ಲ. ಹಗಲಿನ ಸೆಕೆಗಾಳಿಯ ತೇವ ಬಾಗಿಲಿನಿಂದ ಇಳಿದು ತಣ್ಣನೆಯ ಗೋಡೆಯ ಮೇಲೆ ನೀರಾಗುತ್ತಿತ್ತು. ನೆಂಟರಿಗೆಂದು ತೆರೆದಿಟ್ಟ ಬಾಗಿಲೇ ಪೀಪಾಯಿಗೆ ಮುಳುವಾಗಿತ್ತು.

ಮರುದಿನದಿಂದ ಬಾಗಿಲು ತೆರೆಯುವುದು ನಸುಕಿನ ತಂಪಿನಲ್ಲಿ ಮಾತ್ರ. ಉಳಿದ ಸಿಮೆಂಟು ಕೆರೆದು ಸುಣ್ಣ ಬಳಿದಳು, ಪೀಪಾಯಿಯನ್ನು ಒರೆಸಿ ಒರೆಸಿ ಇಟ್ಟಳು. ಬಂದವರಿಗೆಲ್ಲ ಮರದಡಿ ಹೂಜಿ. ಕಾರಣ ಹೇಳಿದರೆ ಯಾರೂ ನಂಬಲಿಲ್ಲ. ನೆಂಟನಿಗೆ ನೆಲಮಾಳಿಗೆ ಮುಚ್ಚುವುದೆಂದರೆ ನಮ್ಮಲ್ಲಿ ಮುಖಕ್ಕೆ ಉಗಿದ ಹಾಗೆ.

ಬಾವಿಕಟ್ಟೆಯಲ್ಲಿ ನಾಲ್ಕು ಜನರೆದುರು ಪಾಂತೆಲೆ ಅಂದೇಬಿಟ್ಟ: “ಮದುವೆ ಖರ್ಚು ಕಂಡಿದ್ದೇ ಕೈ ಬಿಗಿ ಮಾಡ್ದೆ ಅಲ್ವೇನಕ್ಕಾ? ತುದೋಸೆ ಇದ್ದಿದ್ರೆ ತಲೆ ತಗ್ಗಿಸ್ತಿದ್ದ.”

ಪ್ರೊಫಿರಾ ಕೊಡ ಎತ್ತಿಕೊಂಡಳು. “ಅಂದ್ಕೋ ಬಿಡಪ್ಪ. ಹೋದ ಹೆಸರು ಇನ್ನೊಂದಿನ ಬಂದೀತು. ಅವನ ವೈನು ಹೋದ್ರೆ ಇನ್ಯಾರು ಮಾಡ್ಕೊಡ್ತಾರೆ?”

ಮನೆಗೆ ಬಂದು ಅತ್ತಳು. ಹಗಲು ಬಾಗಿಲು ಮಾತ್ರ ತೆರೆಯಲಿಲ್ಲ. ಹೊಗಳಿಕೆಯಲ್ಲೇ ಬೆಳೆದವಳು ಬೇಸಿಗೆಯಿಡೀ ಜಿಪುಣಿ ಅನ್ನಿಸಿಕೊಂಡು ತಿರುಗುವುದು ಹುಡುಗಾಟವಲ್ಲ.

ಮದುವೆಯ ಮಧ್ಯಾಹ್ನ ಹೊರಗೆ ಬಿಸಿಲು ಸುಡುತ್ತಿತ್ತು. ಪ್ರೊಫಿರಾ ತಾನೇ ಬಾಗಿಲು ತೆಗೆದು ಎಲ್ಲರಿಗಿಂತ ಮೊದಲು ಪಾಂತೆಲೆಯನ್ನು ಕರೆದಳು. ಅವನು ಇಳಿದು ಗೋಡೆಗೆ ಅಂಗೈ ಒತ್ತಿದ. ಅಂಗೈಗೆ ಹತ್ತಿದ್ದು ಒಣ ಸುಣ್ಣದ ಪುಡಿ. ಅವಳು ಮೂಲೆಯ ಪೀಪಾಯಿಯಿಂದ ಲೋಟ ತುಂಬಿಸಿ ಕೊಟ್ಟಳು. ಅವನು ಗುಟುಕರಿಸಿದ, ಕಣ್ಣು ಮುಚ್ಚಿ ಲೋಟ ಬರಿದು ಮಾಡಿದ.

ಅಷ್ಟರಲ್ಲಿ ಮೆಟ್ಟಿಲ ತುಂಬ ಜನ ನೆರೆದಿತ್ತು. ಪಾಂತೆಲೆ ಮೇಲಕ್ಕೆ ಕೂಗಿ ಹೇಳಿದ: “ಕೊನೇಲಿ ಬಂದೋರು ಬಾಗ್ಲು ಹಾಕ್ಕೊಂಡು ಬನ್ರೋ. ತುದೋಸೆ ವೈನು ಇನ್ನೂ ಇದೆ.”