ಕಚ್ಚುವ ಮೊದಲು

ಇಂದು ಸಂಜೆ ನಮ್ಮ ಮನೆಯಲ್ಲಿ ಒಣಮೆಣಸಿನಕಾಯಿ ಸುಟ್ಟ ಘಾಟು ಎದ್ದಿತು. ಮೊಮ್ಮಗ ಶಾಲೆಯಿಂದ ಮುಂಗೈ ಕಚ್ಚಿಸಿಕೊಂಡು ಬಂದಿದ್ದ. ಕಚ್ಚಿದವನು ಬಿಹಾರದಿಂದ ಇಟ್ಟಂಗಿ ಭಟ್ಟಿಗೆ ಬಂದವರ ಮಗ. ಸೊಸೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬಾರದಿದ್ದರೆ ನದರು, ಅಂದರೆ ಕೆಟ್ಟ ದೃಷ್ಟಿ, ತಾಗಿದೆ ಎಂದರ್ಥ, ಬಂದರೆ ಇಲ್ಲ. ನಾವೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದೆವು.

ಆ ಕೆಮ್ಮಿನಲ್ಲೇ ನನಗೆ ಶೇವಂತಾ ನೆನಪಾದಳು. ಪಾಲಕರ ತರಬೇತಿ ಎಂಬುದನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಪುಣ್ಯವಂತರು. ನಾನು ಮುನವಳ್ಳಿಯಲ್ಲಿ ಶಿಕ್ಷಕಿಯಾಗಿದ್ದಾಗ ಒಂದು ನಡೆಯಿತು. ಮರಾಠವಾಡಾದಿಂದ ಕಬ್ಬು ಕಡಿಯಲು ಬಂದವರ ಮಕ್ಕಳು ಹೊಡೆಯುತ್ತಾರೆ, ಕಚ್ಚುತ್ತಾರೆ. ಆದ್ದರಿಂದ ಮಕ್ಕಳನ್ನು ಬೆಳೆಸುವುದು ಹೇಗೆಂದು ಹೆತ್ತವರಿಗೆ ಕಲಿಸಬೇಕು. ಕಲಿಸಲು ಪಟ್ಟಣದಿಂದ ಮೇಡಂ ಒಬ್ಬರು ಬಂದರು. ಹರಕುಮುರುಕು ಮರಾಠಿ ಬರುವ ನಾನು ದುಭಾಷಿ.

ಆ ಕಬ್ಬು ಕಡಿಯುವವರಲ್ಲಿ ಒಬ್ಬಳಾದ ಶೇವಂತಾಳ ಮಗಳು ಪಾರಿ ಕಚ್ಚುವುದರಲ್ಲಿ ಹೆಸರು ಮಾಡಿದ್ದಳು. "ಇನ್ನೊಮ್ಮೆ ಕಚ್ಚಿದ್ರ ಸಾಲಿ ಬಿಡಿಸ್ತೇನಿ" ಎಂದು ಹೆಡ್‌ಮಾಸ್ತರರು ಮೊದಲೇ ಹೇಳಿದ್ದರು.

ಮಗು ಹಟ ಮಾಡಿದರೆ ಬೇರೆ ಕೋಣೆಯಲ್ಲಿ ಕೂರಿಸಿ ಎಂದರು ಮೇಡಂ. ಗುಡಿಸಲಿನವರಿಗೆ ಬೇರೆ ಕೋಣೆ ಎಂದರೆ ಕಬ್ಬಿನ ಹೊಲ. ಆಮೇಲೆ, ಎಲ್ಲರೆದುರು ಮಗುವನ್ನು ಬಾಯಿತುಂಬ ಹೊಗಳಿ ಎಂದರು. ವರ್ಷವರ್ಷ ಬಂದು ನಮ್ಮ ಮಾತು ಕಲಿತಿದ್ದ ಶೇವಂತಾ ಬೆಚ್ಚಿಬಿದ್ದಳು. "ಅಕ್ಕೋರ, ಹೆತ್ತಾಕಿ ನದರ ಎಲ್ಲಾರ ನದರಕಿಂತ ಕೆಟ್ಟದ್ದರಿ!"

ಆದರೆ ಮಗಳ ಶಾಲೆ ಉಳಿಯಬೇಕಲ್ಲ? ಪಾರಿಯನ್ನು ಕರೆದು, ಕಣ್ಣು ಮುಚ್ಚಿ, "ನಮ್ಮ ಪಾರಿ ಭಾಳ ಶಾಣ್ಯಾಕಿ" ಎಂದಳು. ಮರುಗಳಿಗೆಯೇ ಪಕ್ಕದ ಬಿಸಿಯೂಟದ ಅಡುಗೆಮನೆಯಿಂದ ಹಿಡಿ ಮೆಣಸಿನಕಾಯಿ ತಂದು ನಿವಾಳಿಸಿ, ಮಗಳನ್ನು ಆಟಕ್ಕೆ ಕಳಿಸಿ, ಮೆಣಸಿನಕಾಯಿಯನ್ನು ಅಲ್ಲಿನ ಒಲೆಗೆ ಸುರಿದಳು. ತರಬೇತಿಯೆಲ್ಲ ಕೆಮ್ಮುತ್ತ ಹೊರಗೆ ಬಂತು. ಮೇಡಂ ಎಲ್ಲರಿಗಿಂತ ಮುಂದೆ.

ಹೊರಗೆ ಹೆಡ್‌ಮಾಸ್ತರರ ಮೊಮ್ಮಗ ಪಾರಿಯ ಜಡೆ ಜಗ್ಗುತ್ತ, ಅವಳ ಮಾತನ್ನು ಅಣಕಿಸುತ್ತ ಕುಣಿಯುತ್ತಿದ್ದ. ನಮ್ಮ ಕಣ್ಣೆದುರೇ ಅವಳು ಅವನ ಕೈ ಕಚ್ಚಿದಳು.

"ನೋಡ್ರಿ, ಕಚ್ಚಿದ್ಲು!" ಎಂದರು ಹೆಡ್‌ಮಾಸ್ತರರು. ಜಡೆ ಹಿಡಿದ ಕೈ ಅವರಿಗೆ ಕಾಣಲೇ ಇಲ್ಲ.

"ಸರ, ಈ ಹುಡುಗನ ಅವ್ವ-ಅಪ್ಪಗ ತರಬೇತಿ ಯಾವಾಗ್ರಿ?" ಎಂದೆ.

"ಏನ್ ಮಾತಾಡ್ತೀರಿ ಅಕ್ಕೋರ? ನಾವು ಮನಿತನದ ಮಂದಿ."

ಮೇಡಂ ಹೌದೆಂದು ತಲೆಯಾಡಿಸಿದರು. ತರಬೇತಿ ಹೊರಗಿನಿಂದ ಬಂದವರಿಗಷ್ಟೇ ಇತ್ತು. ಪಾರಿಯ ಶಾಲೆ ಅಂದೇ ಮುಗಿಯಿತು. ಮಗಳ ಕೈಹಿಡಿದು ಹೊರಟ ಶೇವಂತಾ ಯಾರನ್ನೂ ಬೈಯಲಿಲ್ಲ. "ನಾ ಹೊಗಳಬಾರದಿತ್ರಿ ಅಕ್ಕೋರ" ಎಂದಳು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಇಂದು ನಮ್ಮ ಅಂಗಳದಲ್ಲಿ ಸೊಸೆ ಕಣ್ಣೊರೆಸಿಕೊಂಡು, "ಆ ಹುಡುಗನ್ನ ಸಾಲಿ ಬಿಡಸ್ರಿ ಅಂತ ನಾಳೆ ಹೇಳಿ ಬರೂಣ್ರಿ, ಅತ್ತಿ" ಎಂದಳು.

"ಇಷ್ಟು ಘಾಟು ಬಂದೈತಿ. ನದರಂತೂ ಅಲ್ಲ" ಎಂದು ಮೊಮ್ಮಗನತ್ತ ತಿರುಗಿದೆ. "ಅಂವ ಕಚ್ಚೂಕಿಂತ ಮೊದಲ ನೀ ಏನ್ ಮಾಡಿದಿ?"

ನಮ್ಮ ಮನೆತನದ ಕುಡಿ ನೆಲ ನೋಡಿತು. "ಅವನ ಚೀಲ ಗಟಾರಕ್ಕ ಒಗದೆ."

"ನಾಳೆ ಸಾಲಿಗೆ ಹೋಗೂಣು" ಎಂದೆ ಸೊಸೆಗೆ. "ಆ ಹುಡುಗನ ಅವ್ವನ್ನ ಕರೀಬ್ಯಾಡ್ರಿ, ತರಬೇತಿಗೆ ನಾವ ಬಂದೇವಿ ಅಂತ ಹೇಳೂಣು."